ಯಂತ್ರಕ್ಕೆ ಮೊದಲು ಪ್ರಶ್ನೆ

ವಿಜ್ಞಾನವೆಂದೊಡನೆ ಅನೇಕರ ಮನಸ್ಸಿನಲ್ಲಿ ಮೂಡುವುದು ದೊಡ್ಡದೊಂದು ಪ್ರಯೋಗಶಾಲೆಯ ಚಿತ್ರ. ಹೊಳೆಯುವ ಯಂತ್ರಗಳು, ಸಾಲುಸಾಲಾಗಿ ಇರಿಸಿದ ಗಣಕಗಳು, ಅವುಗಳ ನಡುವೆ ಬಿಳಿಯ ನಿಲುವಂಗಿ ತೊಟ್ಟ ವಿಜ್ಞಾನಿಗಳು. ಈ ಚಿತ್ರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಇದನ್ನೇ ಪೂರ್ಣವೆಂದು ನಂಬಿದರೆ ಬಸವಕಲ್ಯಾಣದಲ್ಲಿಯೋ ಹುಮನಾಬಾದಿನಲ್ಲಿಯೋ ಓದುತ್ತಿರುವ ವಿದ್ಯಾರ್ಥಿಯು, ಸಂಶೋಧನೆ ಎಂಬುದು ಮಹಾನಗರಗಳ ಸೊತ್ತು, ಅದರಲ್ಲಿ ತನಗೆ ಪಾಲಿಲ್ಲ ಎಂದು ಕೈಚೆಲ್ಲಿ ಕುಳಿತುಬಿಡುವ ಅಪಾಯವಿದೆ. ಹಾಗಾದರೆ ನಷ್ಟ ಆ ವಿದ್ಯಾರ್ಥಿಗೆ ಮಾತ್ರವಲ್ಲ, ವಿಜ್ಞಾನಕ್ಕೂ ನಷ್ಟವೇ.

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮನೆಯ ಸೂರಿನಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ, ಹಳೆಯ ಗೋಡೆಯ ಸಂದಿನಲ್ಲಿ ಕಡಜಗಳು ಗೂಡು ಕಟ್ಟುವುದನ್ನು ಕಾಣದವರು ವಿರಳ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿರುವ ಒಂದು ಬಗೆಯ ಕಡಜಕ್ಕೆ ವಿಜ್ಞಾನಿಗಳು ರೊಪಾಲಿಡಿಯ ಮಾರ್ಜಿನೇಟ ಎಂದು ಹೆಸರಿಟ್ಟಿದ್ದಾರೆ. ಅದು ಸಸ್ಯಗಳ ನಾರನ್ನು ಅಗಿದು, ಕಾಗದದಂತಹ ಗೂಡನ್ನು ನಿರ್ಮಿಸುತ್ತದೆ. ಜನರು ಅದರ ಕುಟುಕಿಗೆ ಅಂಜಿ ಗೂಡನ್ನು ಕೆಡವುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರಾದರೋ ಇದೇ ಕಡಜದ ಅಧ್ಯಯನಕ್ಕೆ ನಾಲ್ಕು ದಶಕಗಳಿಗೂ ಮಿಗಿಲಾದ ಕಾಲವನ್ನು ಮುಡಿಪಾಗಿಟ್ಟರು. ಅವರು ಡಾಕ್ಟರೇಟ್ ಪದವಿ ಪಡೆದದ್ದು ಅಣುಜೀವವಿಜ್ಞಾನದಲ್ಲಿ. ಅದು ಸಲಕರಣೆಗಳನ್ನು ಬಹುವಾಗಿ ಅವಲಂಬಿಸಿದ ಕ್ಷೇತ್ರ. ಆದರೂ ಅವರ ಮನಸ್ಸನ್ನು ಸೆಳೆದದ್ದು ಕಡಜದ ಗೂಡು.

ಅವರನ್ನು ಕಾಡಿದ ಪ್ರಶ್ನೆ ಜೀವವಿಕಾಸದ ಆಳವಾದ ಪ್ರಶ್ನೆಗಳಲ್ಲಿ ಒಂದು. ಗೂಡಿನಲ್ಲಿ ಒಂದು ಕಡಜ ಮಾತ್ರ ರಾಣಿಯಾಗಿ ಮೊಟ್ಟೆಯಿಡುತ್ತದೆ. ಉಳಿದವುಗಳಲ್ಲಿ ಎಷ್ಟೋ ಕಡಜಗಳಿಗೆ ತಾವೂ ಮೊಟ್ಟೆಯಿಡುವ ಸಾಮರ್ಥ್ಯವಿದ್ದರೂ ಅವು ರಾಣಿಯ ಮರಿಗಳನ್ನು ಸಾಕುತ್ತ ಆಯುಷ್ಯ ಕಳೆಯುತ್ತವೆ. ಈ ತ್ಯಾಗವೇಕೆ? 1859ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ನರು ಸಂತಾನವಿಲ್ಲದ ಕೀಟಗಳನ್ನು ತಮ್ಮ ಸಿದ್ಧಾಂತಕ್ಕೆ ಒದಗಿದ ದೊಡ್ಡ ತೊಡಕೆಂದೇ ಎಣಿಸಿದ್ದರು. ರಕ್ತಸಂಬಂಧಿಗಳಿಗೆ ನೆರವಾಗುವುದೂ ತನ್ನ ವಂಶವಾಹಿಗಳನ್ನು ಮುಂದಿನ ಪೀಳಿಗೆಗೆ ದಾಟಿಸುವ ಒಂದು ಮಾರ್ಗವೆಂದು 1964ರಲ್ಲಿ ಹ್ಯಾಮಿಲ್ಟನ್ ಎಂಬ ವಿಜ್ಞಾನಿ ವಿವರಿಸಿದರು. ಈ ವಿವರಣೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಒರೆಹಚ್ಚಿ ನೋಡಲು ಕಡಜದ ಗೂಡು ತಕ್ಕ ಸ್ಥಳವಾಗಿತ್ತು.

ಈ ಕಾರ್ಯಕ್ಕೆ ಬೇಕಾದ ಸಲಕರಣೆಗಳು ಎಷ್ಟು ಸರಳ! ಒಂದೊಂದು ಕಡಜವನ್ನೂ ಗುರುತಿಸಲು ಅದರ ಮೈಮೇಲೆ ಬಣ್ಣದ ಚುಕ್ಕೆ. ಕಂಡದ್ದನ್ನು ಬರೆದಿಡಲು ಕಾಗದ ಮತ್ತು ಲೇಖನಿ. ಎಲ್ಲಕ್ಕೂ ಮಿಗಿಲಾಗಿ ತಾಳ್ಮೆ. ಯಾವ ಕಡಜ ಎಷ್ಟು ಹೊತ್ತು ಸುಮ್ಮನೆ ಕುಳಿತಿತ್ತು, ಯಾವುದು ಜಗಳಕ್ಕೆ ನಿಂತಿತು, ಯಾವುದು ಆಹಾರಕ್ಕಾಗಿ ಹೊರಗೆ ಹೋಯಿತು ಎಂಬ ಲೆಕ್ಕವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ವಿಂಗಡಿಸಿದಾಗ ಗೂಡಿನ ನಿವಾಸಿಗಳು ಮೂರು ಗುಂಪುಗಳಾಗಿ ಬೇರ್ಪಟ್ಟವು: ಕುಳಿತಿರುವವು, ಕಾದಾಡುವವು, ಆಹಾರ ತರುವವು. ಅಚ್ಚರಿಯ ಸಂಗತಿಯೆಂದರೆ, ರಾಣಿ ಸೇರಿದ್ದು ಕಾದಾಡುವವುಗಳ ಗುಂಪಿಗಲ್ಲ, ಕುಳಿತಿರುವವುಗಳ ಗುಂಪಿಗೆ. ಆ ಸೌಮ್ಯ ರಾಣಿಯನ್ನು ಗೂಡಿನಿಂದ ತೆಗೆದರೆ, ಒಡನೆಯೇ ಒಂದು ಕಡಜ ಉಗ್ರವಾಗುತ್ತದೆ. ಕೆಲವು ದಿನಗಳಲ್ಲಿ ಅದೇ ಮೊಟ್ಟೆಯಿಡತೊಡಗಿ, ಹೊಸ ರಾಣಿಯಾಗಿ, ತಾನೂ ಸೌಮ್ಯವಾಗುತ್ತದೆ.

ಹಾಗೆಂದು ಯಂತ್ರಗಳನ್ನು ಹಳಿಯುವುದು ತರವಲ್ಲ. ಚದುರಿದ ಅಂಕಿಗಳಿಂದ ಮೂರು ಗುಂಪುಗಳನ್ನು ಬೇರ್ಪಡಿಸುವಂತಹ ಕೆಲಸ ಗಣಕದ ನೆರವಿದ್ದರೆ ಸುಗಮ. ಒಂದೇ ಗೂಡಿನ ಸೋದರಿಯರೆಲ್ಲರೂ ಒಬ್ಬನೇ ತಂದೆಯ ಮಕ್ಕಳೇ ಎಂಬ ಪ್ರಶ್ನೆಗೆ ಬರಿಗಣ್ಣು ಉತ್ತರ ಹೇಳಲಾರದು. ಪ್ರಯೋಗಶಾಲೆಯಲ್ಲಿ ಕಡಜಗಳ ಕಿಣ್ವಗಳನ್ನು ಪರೀಕ್ಷಿಸಿ, ರಾಣಿಯು ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆ ಎಂಬುದನ್ನು ಗದಗ್ಕರ್ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ತೋರಿಸಿಕೊಟ್ಟರು. ಸೋದರಿಯರ ನಡುವಣ ನಂಟು ಊಹಿಸಿದಷ್ಟು ಹತ್ತಿರದ್ದಲ್ಲವೆಂದಾದ ಮೇಲೆ, ತ್ಯಾಗಕ್ಕೆ ನಂಟೊಂದೇ ಕಾರಣವೆನ್ನುವುದು ಕಷ್ಟವಾಯಿತು. ಇಲ್ಲಿ ಉಪಕರಣವು ನಿಜವಾಗಿಯೂ ಜ್ಞಾನದ ಬಾಗಿಲನ್ನು ತೆರೆಯಿತು. ಆದರೆ ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಮೊದಲು ತಿಳಿಸಿದ್ದು ಪ್ರಶ್ನೆ.

ಇಂದು ಡಿಜಿಟಲ್ ಸಾಧನಗಳು ಹೆಚ್ಚಿವೆ. ಕ್ಯಾಮರಾ ಹಗಲಿರುಳೂ ದಣಿಯದೆ ಗೂಡನ್ನು ಚಿತ್ರಿಸಬಲ್ಲದು. ಗಣಕವು ಆ ಚಿತ್ರಗಳಲ್ಲಿ ಒಂದೊಂದು ಹುಳುವನ್ನೂ ಹಿಂಬಾಲಿಸಬಲ್ಲದು. ಆದರೆ ಏನನ್ನು ಎಣಿಸಬೇಕು, ಏಕೆ ಎಣಿಸಬೇಕು ಎಂಬುದನ್ನು ನಿರ್ಧರಿಸುವ ಹೊಣೆ ಮನುಷ್ಯನದೇ. ಗೂಡಿನ ಮುಂದೆ ಕುಳಿತು ನೋಡಿದವನಿಗೆ ಮಾತ್ರ ಎಣಿಸಲು ಯೋಗ್ಯವಾದುದು ಯಾವುದೆಂಬ ವಿವೇಕ ಬರುತ್ತದೆ. ಪ್ರಶ್ನೆಯಿಲ್ಲದೆ ರಾಶಿ ಹಾಕಿದ ಮಾಹಿತಿ, ಒಕ್ಕದೆ ಬಿಟ್ಟ ತೊಗರಿಯ ಬಣವೆಯಂತೆ. ನೋಡಲು ದೊಡ್ಡದು, ಹಸಿವಿಗೆ ಒದಗದು. ಅಲ್ಪ ವೆಚ್ಚದಲ್ಲಿಯೂ ಮೊದಲ ದರ್ಜೆಯ ಸಂಶೋಧನೆ ಸಾಧ್ಯವೆಂದು ಗದಗ್ಕರ್ ಅವರು ಪ್ರಾಣಿವರ್ತನೆಯನ್ನು ಕುರಿತ 2021ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಬಡ ಶಾಲೆಗಳ ಮಕ್ಕಳಿಗೆ ಇದು ಸಮಾಧಾನದ ಮಾತಲ್ಲ, ಆಹ್ವಾನದ ಮಾತು.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಯುವ ಕೈಗೂ ಸ್ವಂತ ಅನುಭವಕ್ಕೂ ಘನತೆ ತಂದುಕೊಟ್ಟರು. ಆ ನೆಲದ ಮಕ್ಕಳಿಗೆ ಕಣ್ಣಾರೆ ಕಂಡು, ಕೈಯಾರೆ ಬರೆದು ಕಲಿಯುವ ಮಾರ್ಗ ಹೊಸದಲ್ಲ. ಕಡಜವನ್ನು ಕೆಣಕದೆ ದೂರದಿಂದ ನೋಡಬಹುದು. ಅಂಗಳದ ಇರುವೆಯ ಸಾಲನ್ನು ಹತ್ತಿರದಿಂದಲೇ ಗಮನಿಸಬಹುದು. ಶಾಲೆಗೆ ಒಳ್ಳೆಯ ಪ್ರಯೋಗಶಾಲೆ ಬೇಕೆಂದು ಕೇಳುವುದು ವಿದ್ಯಾರ್ಥಿಯ ಹಕ್ಕು. ಆದರೆ ಅದು ಬರುವವರೆಗೆ ಕಣ್ಣು ಮುಚ್ಚಿ ಕುಳಿತಿರಬೇಕಾಗಿಲ್ಲ. ಯಂತ್ರ ನಾಳೆ ಬರಲಿ. ಪ್ರಶ್ನೆ ಇಂದೇ ಹುಟ್ಟಲಿ.