ಕೃತ್ತಿಕೆ ಎಷ್ಟು ದೂರ?

ಜನವರಿಯ ರಾತ್ರಿ ಎಂಟು ಗಂಟೆಗೆ ತಲೆಯೆತ್ತಿ ನೋಡಿದರೆ, ನೆತ್ತಿಯ ಬಳಿ ಚುಕ್ಕಿಗಳ ಪುಟ್ಟ ಗೊಂಚಲೊಂದು ಕಾಣುತ್ತದೆ. ಅದೇ ಕೃತ್ತಿಕೆ. ಬರಿಗಣ್ಣಿಗೆ ಸಾಮಾನ್ಯವಾಗಿ ಆರು ತಾರೆಗಳು ಕಾಣುತ್ತವೆ. ಕಾರ್ತಿಕೇಯನಿಗೆ ಹಾಲೂಡಿಸಿದ ಆರು ತಾಯಂದಿರು ಇವರೇ ಎನ್ನುತ್ತದೆ ಪುರಾಣ.

1610ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಈ ಆರರ ಸುತ್ತ ಇನ್ನೂ 40ಕ್ಕೂ ಹೆಚ್ಚು ತಾರೆಗಳನ್ನು ಕಂಡ. ಇಷ್ಟು ತಾರೆಗಳು ಒಂದೆಡೆ ಸೇರಿದ್ದು ಆಕಸ್ಮಿಕವೇ? ಹಾಗಾಗುವ ಸಾಧ್ಯತೆ ಸುಮಾರು ಐದು ಲಕ್ಷಕ್ಕೆ ಒಂದು ಎಂದು 1767ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಲೆಕ್ಕ ಹಾಕಿದ. ಅವನ ಲೆಕ್ಕ ತೋರಿದ ದಾರಿ ಸರಿಯಾಗಿತ್ತು. ಇದು ಒಂದೇ ಅನಿಲ ಮೋಡದಲ್ಲಿ, ಹತ್ತು ಕೋಟಿ ವರ್ಷಗಳಿಗೂ ಹಿಂದೆ ಹುಟ್ಟಿದ ಸಾವಿರಕ್ಕೂ ಹೆಚ್ಚು ತಾರೆಗಳ ಕುಟುಂಬ. ಇಂಥ ಸಡಿಲ ಗುಂಪನ್ನು 'ತೆರೆದ ಗುಚ್ಛ' ಎನ್ನುತ್ತಾರೆ.

ಈ ಕುಟುಂಬದ ದೂರ ಎಷ್ಟು? ಅದನ್ನು ಅಳೆಯುವ ಉಪಾಯ ಸರಳ. ಹೆಬ್ಬೆರಳನ್ನು ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ನಂತರ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಸರಿದಂತೆ ತೋರುತ್ತದೆ. ಬೆರಳು ದೂರ ಹೋದಷ್ಟೂ ಸರಿತ ಕಡಿಮೆ. ಭೂಮಿ ಆರು ತಿಂಗಳಲ್ಲಿ ಸೂರ್ಯನ ಆ ಬದಿಗೆ ಹೋದಾಗ ತಾರೆಯೂ ಹೀಗೆಯೇ ಸರಿದಂತೆ ಕಾಣುತ್ತದೆ. ಆದರೆ ಕೃತ್ತಿಕೆಯ ಸರಿತ ಅತ್ಯಲ್ಪ. ಒಂದು ಡಿಗ್ರಿಯನ್ನು 3600 ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ 50 ಮಾಡಿದರೂ ಅದಕ್ಕಿಂತ ಕಡಿಮೆ!

1997ರಲ್ಲಿ ಪ್ರಕಟವಾದ ಹಿಪಾರ್ಕಸ್ ಉಪಗ್ರಹದ ಅಳತೆ ಸುಮಾರು 390 ಜ್ಯೋತಿರ್ವರ್ಷ ಎಂದಿತು. ಹಳೆಯ ಲೆಕ್ಕಗಳು ಹೇಳುತ್ತಿದ್ದುದು ಇದಕ್ಕಿಂತ ಹೆಚ್ಚು. ವಿಜ್ಞಾನಿಗಳು ಗಾಬರಿಯಾದರು. ದೀಪ ಎಷ್ಟು ದೂರದಲ್ಲಿದೆ ಎಂದು ತಿಳಿದರೆ ತಾನೇ ಅದರ ನಿಜವಾದ ಪ್ರಕಾಶ ತಿಳಿಯುವುದು? ಕೃತ್ತಿಕೆ ಅಷ್ಟು ಹತ್ತಿರವಿದ್ದರೆ ಅದರ ತಾರೆಗಳು ಸಿದ್ಧಾಂತ ಹೇಳುವುದಕ್ಕಿಂತ ಮಂಕಾಗಿರಬೇಕು. ತಾರೆಗಳು ಬೆಳಗುವ ಬಗೆಯನ್ನೇ ಮತ್ತೆ ಯೋಚಿಸಬೇಕಾಗುತ್ತಿತ್ತು.

ಉಪಗ್ರಹದ ಮಾತೆಂದು ಯಾರೂ ಸುಮ್ಮನೆ ಒಪ್ಪಲಿಲ್ಲ. ಬೇರೆ ಬೇರೆ ವಿಧಾನಗಳಿಂದ ಮತ್ತೆ ಅಳೆದರು. 2014ರಲ್ಲಿ ರೇಡಿಯೊ ದೂರದರ್ಶಕಗಳು ಸುಮಾರು 444 ಜ್ಯೋತಿರ್ವರ್ಷ ಎಂದವು. ಮುಂದೆ ಗಾಯಾ ಉಪಗ್ರಹದ ಅಳತೆಯೂ ಅದಕ್ಕೆ ಹೊಂದಿತು. ಸಿದ್ಧಾಂತ ಉಳಿಯಿತು.

ಇಂದು ರಾತ್ರಿ ಕೃತ್ತಿಕೆಯಿಂದ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ, ಗೆಲಿಲಿಯೊ ಇನ್ನೂ ದೂರದರ್ಶಕವನ್ನು ಕೈಗೆತ್ತಿಕೊಂಡಿರಲಿಲ್ಲ.