ಹೆಸರಿಗೆ ರಕ್ಷಣೆ, ಕೈಗೆ ಏನು?

ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ತುಂಬುವ ಬೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕುಷ್ಟಗಿ ತಾಲ್ಲೂಕಿನ ಮಗ್ಗಗಳಿಗೂ ಪರಿಚಿತವಾದ ಇಳಕಲ್ ಸೀರೆಗೂ ಇದೆ. ನಾಳೆ ಬಹುರಾಷ್ಟ್ರೀಯ ಕಂಪೆನಿಯೊಂದು ಕಿನ್ನಾಳದ ಗರುಡನನ್ನು ಹಾಗೆಯೇ ಅಚ್ಚು ಹಾಕಿ ಮಾರಿದರೆ ಈ ಕುಶಲಕರ್ಮಿಗಳು ಕಾನೂನಿನಲ್ಲಿ ಏನನ್ನು ಕೇಳಬಹುದು?

ಉತ್ತರದ ಸುಳಿವು ಕೊಲ್ಹಾಪುರಿ ಚಪ್ಪಲಿಯ ಪ್ರಕರಣದಲ್ಲಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ಮುಂದಿಟ್ಟಿತು. ಟೀಕೆಗಳು ಬಂದ ಮೇಲಷ್ಟೇ ಭಾರತೀಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಈ ಸೂಚಿಯ ವ್ಯಾಪ್ತಿಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ನೋಂದಾಯಿತ ಒಡೆತನ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್‌ಕರ್‌ನದು. ವಕೀಲರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲಿ ವಜಾ ಮಾಡಿತು. ದಾವೆ ಹೂಡಬೇಕಾದವರು ನೋಂದಾಯಿತ ಒಡೆಯರು ಎಂಬುದು ಅದರ ಸಾರ. ವರ್ಷಾಂತ್ಯಕ್ಕೆ ಎರಡೂ ನಿಗಮಗಳೊಡನೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಅದು ಸಾರ್ವಜನಿಕ ಮುಜುಗರದ ಫಲವೇ ಹೊರತು ತೀರ್ಪಿನ ಫಲವಲ್ಲ.

ತೊಡಕಿನ ಮೂಲ ಕಾನೂನಿನ ರಚನೆಯಲ್ಲಿಯೇ ಇದೆ. 1999ರ ಭೌಗೋಳಿಕ ಸೂಚಿ ಕಾಯ್ದೆ ಮುಖ್ಯವಾಗಿ ಕಾಯುವುದು ಹೆಸರನ್ನು. ಹೆಸರು ಬಳಸದೆ ರೂಪವನ್ನು ಅನುಕರಿಸಿದವನ ಮೇಲೆ ಅದರ ಹಿಡಿತ ಸಡಿಲ. 2000ದ ವಿನ್ಯಾಸ ಕಾಯ್ದೆ ಹೊಸತನವನ್ನು ಕೇಳುತ್ತದೆ. ತಲೆಮಾರುಗಳಿಂದ ಬಂದ ವಿನ್ಯಾಸ ಹಳೆಯದೆಂಬ ಕಾರಣಕ್ಕೇ ಹೊರಗುಳಿಯುತ್ತದೆ. ಕೃತಿಸ್ವಾಮ್ಯಕ್ಕೆ ಗುರುತಿಸಬಹುದಾದ ಕರ್ತೃ ಬೇಕು, ಅದಕ್ಕೆ ಅವಧಿಯ ಮಿತಿಯೂ ಉಂಟು. ಉದ್ಯಮಗಳ ಮಾನವ ಹಕ್ಕು ಹೊಣೆಯ ಬಗ್ಗೆ ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ತತ್ವಗಳಾಗಲಿ, ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿಯಾಗಲಿ ನ್ಯಾಯಾಲಯದಲ್ಲಿ ನೇರವಾಗಿ ಜಾರಿಯಾಗುವಂಥವಲ್ಲ.

ಆದರೆ ಮಾದರಿಯೊಂದು ನಮ್ಮಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆ, ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವವರು ಲಾಭದ ಪಾಲು ಹಂಚಿಕೊಳ್ಳಬೇಕೆಂಬ ತತ್ವವನ್ನು ಒಪ್ಪಿದೆ. ಒಂದು ಗಿಡಮೂಲಿಕೆಗೆ ಸಲ್ಲುವ ನ್ಯಾಯ ಮನುಷ್ಯನ ಕೈಚಳಕಕ್ಕೆ ಏಕೆ ಸಲ್ಲಬಾರದು?

ಸಂಪ್ರದಾಯವನ್ನು ಸಮುದಾಯದ ಏಕಸ್ವಾಮ್ಯ ಮಾಡಿದರೆ ಕಲೆಯೇ ಹೆಪ್ಪುಗಟ್ಟೀತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸಮುದಾಯದ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆಯೂ ಸುಲಭದ್ದಲ್ಲ. ಆದ್ದರಿಂದ ನಾನು ಬಯಸುವುದು ನಿಷೇಧವನ್ನಲ್ಲ. ವಾಣಿಜ್ಯ ಬಳಕೆಗೆ ಮುನ್ನ ಒಪ್ಪಿಗೆ, ಮೂಲದ ಉಲ್ಲೇಖ, ಲಾಭದಲ್ಲಿ ಪಾಲು, ಇಷ್ಟನ್ನು. ಕಾನೂನು ಬದಲಾಗುವವರೆಗೆ ಮಾಡಬಹುದಾದ ಕೆಲಸವೂ ಒಂದಿದೆ. ಕಿನ್ನಾಳದ ಪ್ರತಿಯೊಬ್ಬ ಕುಶಲಕರ್ಮಿಯನ್ನೂ ಅಧಿಕೃತ ಬಳಕೆದಾರನೆಂದು ನೋಂದಾಯಿಸಿ, ಅವರ ಪರವಾಗಿ ದಾವೆ ಹೂಡುವ ಹೊಣೆಯನ್ನು ಸರ್ಕಾರ ಸ್ಪಷ್ಟವಾಗಿ ವಹಿಸಿಕೊಳ್ಳಲಿ. ಬೊಂಬೆ ಮಾಡುವವನ ಹೆಸರಿಲ್ಲದ ಪ್ರಮಾಣಪತ್ರ ಗೋಡೆಗಷ್ಟೇ ಅಲಂಕಾರ.