ಸುಂಕದ ಹೊರೆ ಯಾರ ಹೆಗಲಿಗೆ?

ಅಮೇರಿಕದ ಲಾಸ್ ಏಂಜಲೀಸ್ ನಗರದಲ್ಲಿ ‘ಲಿಟಲ್ ಟೋಕಿಯೋ’ ಎಂಬ ಹಳೆಯ ಜಪಾನೀ ಕೇರಿಯೊಂದಿದೆ. ಮುಂಬಯಿಯ ಮಾಟುಂಗದಲ್ಲಿ ನಾವು ಊರಿನ ಹಪ್ಪಳ, ಉಪ್ಪಿನಕಾಯಿಗಳನ್ನು ಅರಸುವಂತೆಯೇ, ಪರದೇಶದಲ್ಲಿ ನೆಲೆಸಿದ ಜಪಾನೀಯರು ತಮ್ಮ ಕಡಲಿನ ಮೀನನ್ನು ಅರಸುತ್ತಾರೆ. ಅವರಿಗಾಗಿ, ಮತ್ತು ಆ ರುಚಿಗೆ ಮನಸೋತ ಅಮೇರಿಕನ್ನರಿಗಾಗಿ, ಜಪಾನಿನ ಮೀನನ್ನೇ ಮಾರುವ ಸಣ್ಣ ಅಂಗಡಿಗಳು ಆ ದೇಶದ ದೊಡ್ಡ ನಗರಗಳಲ್ಲಿವೆ. ಅಂಥ ಅಂಗಡಿಕಾರನ ಇಕ್ಕಟ್ಟು ನಮ್ಮ ಹೋಟೇಲು ಬಂಧುಗಳಿಗೆ ಅಪರಿಚಿತವೇನೂ ಅಲ್ಲ.

2025ರ ಏಪ್ರಿಲಿನಲ್ಲಿ ಅಮೇರಿಕ ಸರಕಾರವು ಜಪಾನಿನ ಸರಕುಗಳ ಮೇಲೆ ಶೇಕಡಾ 10ರ ಹೆಚ್ಚುವರಿ ಸುಂಕವನ್ನು ವಿಧಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಅದು ಶೇಕಡಾ 15ಕ್ಕೆ ಮುಟ್ಟಿತು. ಈ ಸುಂಕವನ್ನು ಜಪಾನು ತೆರುವುದೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಸುಂಕದ ಕಟ್ಟೆಯಲ್ಲಿ ಹಣ ಕಟ್ಟುವವನು ಅಮೇರಿಕದ ಆಮದು ವರ್ತಕ. ಅವನು ಅದನ್ನು ತನ್ನ ದರದಲ್ಲಿ ಸೇರಿಸಿ ಚಿಲ್ಲರೆ ಅಂಗಡಿಗೆ ದಾಟಿಸುತ್ತಾನೆ.

ಸುಂಕ ಏರುವ ಸುಳಿವು ಸಿಕ್ಕರೆ ಸೋಯಾ ರಸದ ವ್ಯಾಪಾರಿ ಮೊದಲೇ ಗೋದಾಮು ತುಂಬಿಕೊಳ್ಳಬಲ್ಲನು. ತಾಜಾ ಮೀನಿನವನಿಗೆ ಆ ದಾರಿಯಿಲ್ಲ. ಕಾಗೋಶಿಮಾ ಪ್ರಾಂತದಲ್ಲಿ ಸಾಕಿದ ‘ಹಮಾಚಿ’ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ವಿಮಾನವೇರಿ ಬರಬೇಕು. ಹಸಿಯಾಗಿಯೇ ತಿನ್ನುವ ಪದಾರ್ಥವಾದುದರಿಂದ ಬೇಗನೆ ಮಾರಾಟವಾಗಬೇಕು. ಮಾರದೆ ಉಳಿದುದು ಕೇವಲ ನಷ್ಟ.

ಒಂದು ಲೆಕ್ಕವನ್ನು ಊಹಿಸೋಣ. ಕಿಲೋಗೆ 20 ಡಾಲರಿನಂತೆ 10 ಕಿಲೋ ಇಡೀ ಮೀನು ತರಿಸಿದರೆ 200 ಡಾಲರು. ಶೇಕಡಾ 15ರ ಸುಂಕ 30 ಡಾಲರು. ತಲೆ, ಮುಳ್ಳು, ಚರ್ಮ, ಕರುಳು ಕಳೆದು ಮಾರುವ ತಿರುಳು 5 ಕಿಲೋ ಉಳಿಯಿತೆನ್ನಿ. ಆಗ ಪ್ರತಿ ಕಿಲೋ ತಿರುಳಿನ ಮೇಲೆ ಬೀಳುವ ಸುಂಕ 3 ಡಾಲರಲ್ಲ, 6 ಡಾಲರು! ಎಸೆಯುವ ಮುಳ್ಳಿಗೂ ಸುಂಕ ತೆತ್ತಂತಾಯಿತು. ಬಾಡಿಗೆ, ವಿದ್ಯುತ್ತು, ಸಂಬಳಗಳು ಇದರ ಮೇಲೆ.

ಅಂಗಡಿಕಾರನ ಮುಂದೆ ನಾಲ್ಕು ಹಾದಿಗಳಿವೆ. ಬೆಲೆಯನ್ನು ಏರಿಸಬಹುದು. ಹೊಕ್ಕೈಡೋದಿಂದ ಬರುವ ‘ಉನಿ’ಯೆಂಬ ಕಡಲ ತಿನಿಸಿಗೆ ಬದಲಾಗಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಕಡಲಿನ ಉನಿಯನ್ನು ಇಡಬಹುದು. ಹೋಳನ್ನು ಸದ್ದಿಲ್ಲದೆ ತೆಳ್ಳಗೆ ಮಾಡಬಹುದು. ಇಲ್ಲವೆ ಕತ್ತಿ ಹಿಡಿದ ಕೆಲಸಗಾರನ ಕೂಲಿಗೆ ಕೈಹಾಕಬಹುದು. ಮೊದಲಿನೆರಡು ಹಾದಿಗಳು, ಗಿರಾಕಿಗೆ ತಿಳಿಸಿ ಮಾಡಿದರೆ, ಧರ್ಮಸಮ್ಮತವಾದವು. ಮೂರನೆಯದು ಗಿರಾಕಿಗೆ ಮಾಡಿದ ಮೋಸ. ನಾಲ್ಕನೆಯದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ಹಸಿಮೀನನ್ನು ಕೆಡದಂತೆ, ಪೋಲಾಗದಂತೆ ಹೋಳು ಮಾಡುವ ಕೈ ವರ್ಷಗಳ ಅಭ್ಯಾಸದಿಂದ ಪಳಗಿದುದು. ಆ ಕೈ ಬಿಟ್ಟುಹೋದರೆ 5 ಕಿಲೋ ಬರುವಲ್ಲಿ 4 ಕಿಲೋ ಬಂದೀತು; ಸುಂಕಕ್ಕಿಂತ ದೊಡ್ಡ ನಷ್ಟ ಅಲ್ಲಿಯೇ ಆದೀತು.

ಈ ಮಾತು ನಮಗೂ ಸಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿಬೀಜದ ದರ ಪೌಂಡಿಗೆ 4 ಡಾಲರನ್ನು ಮೀರಿ ದಾಖಲೆ ಮಾಡಿತು. ಎಲ್ಲಿಯೋ ಏರಿದ ದರ ನಮ್ಮ ಲೋಟದವರೆಗೂ ಬಂತು. ಅಂಥ ದಿನಗಳಲ್ಲಿ ಗಲ್ಲಾದ ಮೇಲೆ ಕುಳಿತವನಿಗೆ ಎಲ್ಲಕ್ಕಿಂತ ಸುಲಭವಾಗಿ ಕಾಣುವ ಉಳಿತಾಯ ಯಾವುದು? ಕಾಫಿಗೆ ಚಿಕೋರಿ ಹೆಚ್ಚಿಸುವುದು. ಮಾಣಿಯ ಸಂಬಳವನ್ನು ಮುಂದಿನ ವರ್ಷಕ್ಕೆ ದೂಡುವುದು. ಗಿರಾಕಿಯಾದ ಗುಮಾಸ್ತನೂ ತುಸು ಯೋಚಿಸಬೇಕು. ಬೆಲೆ ಏರಿತೆಂದು ಗೊಣಗುವ ಮುನ್ನ, ಏರದಿದ್ದರೆ ಆ ಹಣ ಯಾರ ಜೇಬಿನಿಂದ ಹೋಗುತ್ತಿತ್ತೆಂದು ಕೇಳಿಕೊಳ್ಳುವುದು ಉಚಿತ.

ಸುಂಕಗಳು ಏರುತ್ತವೆ, ಇಳಿಯುತ್ತವೆ. ಅವು ಚಿಕ್ಕ ವ್ಯಾಪಾರಿಯ ಕೈಯೊಳಗಿನವಲ್ಲ. ಆದರೆ ಹೊರೆಯನ್ನು ಹೇಗೆ ಹಂಚಬೇಕೆಂಬುದು ಅವನ ಕೈಯಲ್ಲಿದೆ. ಬೆಲೆಯ ಹಲಗೆಯ ಮೇಲೆ ನಿಜವನ್ನು ಬರೆಯಲಿ, ತನ್ನ ಲಾಭದಲ್ಲಿ ಒಂದು ಪಾಲನ್ನು ಬಿಡಲಿ, ಕೆಲಸದವನ ಕೂಲಿಯನ್ನು ಮುಟ್ಟದಿರಲಿ. ಲಾಸ್ ಏಂಜಲೀಸಿನ ಮೀನಿನಂಗಡಿಗೂ ಮಾಟುಂಗದ ಕಾಫಿ ಹೋಟೇಲಿಗೂ ಇದೇ ನ್ಯಾಯವೆಂದು ನಮ್ಮ ಅಭಿಪ್ರಾಯ.